ಟೀಚರ್ ಹತ್ರ ಕೇಳಿ: ‘ಶೀ, ಮುಟ್ಬೇಡ!’

ಕಳೆದ ತಿಂಗಳು ಈ ಅಂಕಣದ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಮಕ್ಕಳಿಗೆ ಗಿಡ, ಹುಳ, ಹಕ್ಕಿ, ಕಡಲು ಇವುಗಳ ಪರಿಚಯ ಮಾಡಿಸುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ. ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. 31 ವರ್ಷ ಬ್ರಹ್ಮಾವರದ ಸುತ್ತಮುತ್ತಲ ಶಾಲೆಗಳಲ್ಲಿ ವಿಜ್ಞಾನ ಕಲಿಸಿ, ಈಗ ಕಲ್ಯಾಣಪುರದ ಮನೆಯಲ್ಲಿ ಕೂತಿರುವವಳಿಗೆ ಬೇರೆ ಎಂತ ಕೆಲಸ? ಆಟಿ ತಿಂಗಳ ಮಳೆ ಹೊರಗೆ ಕಾಲಿಡಲು ಬಿಡುತ್ತಿಲ್ಲ. ಜಗಲಿಯಲ್ಲಿ ಕೂತು ಎಲ್ಲವನ್ನೂ ಓದಿದೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಸಾಲು. ಗಿಡ್ಡ ಉತ್ತರ ಸಿಕ್ಕಿದವರು ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ಮಂಗಳೂರಿನಲ್ಲಿ ಒಂಬತ್ತನೇ ಮಹಡಿಯ ಫ್ಲಾಟು. ಮಗಳಿಗೆ ಏಳು ವರ್ಷ. ಇರುವೆ ಕಂಡರೂ ‘ಶೀ’ ಅನ್ನುತ್ತಾಳೆ, ಮಣ್ಣು ಮುಟ್ಟುವುದೇ ಇಲ್ಲ. ಅಂಗಳ ಇಲ್ಲದ ಮನೆಯಲ್ಲಿ ಇವಳಿಗೆ ಪ್ರಕೃತಿಯ ಮೇಲೆ ಪ್ರೀತಿ ಹುಟ್ಟಿಸುವುದು ಹೇಗೆ ಟೀಚರ್?
— ಒಬ್ಬ ತಾಯಿ, ಬೆಂದೂರ್‌ವೆಲ್

ಉತ್ತರ: ಮೊದಲು ನನ್ನದೊಂದು ಪ್ರಶ್ನೆ. ಆ ‘ಶೀ’ ಅವಳಿಗೆ ಎಲ್ಲಿಂದ ಬಂತು? ಒಂದು ವರ್ಷದ ಮಗುವನ್ನು ನೆಲಕ್ಕೆ ಬಿಟ್ಟು ನೋಡಿ. ಎರೆಹುಳ ಸಿಕ್ಕಿದರೆ ನೇರ ಬಾಯಿಗೆ. ಅಸಹ್ಯ ಅಂತ ಅದಕ್ಕೆ ಗೊತ್ತೇ ಇಲ್ಲ. ‘ಶೀ, ಬಿಡು, ಮುಟ್ಬೇಡ’ ಅಂತ ಓಡಿ ಬರುವವರು ನಾವು. ಐದಾರು ವರ್ಷ ಅದನ್ನೇ ಕೇಳಿ ಕೇಳಿ, ಈಗ ನಮ್ಮ ಮಾತನ್ನು ನಮಗೇ ವಾಪಸ್ ಹೇಳುತ್ತಿದ್ದಾಳೆ, ಅಷ್ಟೇ. ಬೈಯುತ್ತಿಲ್ಲ ಮಾರಾಯ್ತಿ. ನನ್ನ ಮಗನಿಗೆ ನಾನೂ ಹಾಗೇ ಹೇಳಿದ್ದೇನೆ.

ಅಂಗಳ ಬೇಡ. ಬಾಲ್ಕನಿಯಲ್ಲಿ ಒಂದು ಕುಂಡ, ಅದರಲ್ಲಿ ಒಂದು ಕರಿಬೇವಿನ ಗಿಡ ಇಟ್ಟುಕೊಳ್ಳಿ. ಅದಕ್ಕೆ ಯಾವ ಮದ್ದನ್ನೂ ಹೊಡೆಯಬೇಡಿ. ಎಳೆ ಚಿಗುರು ಬಂದಾಗ ದಿನಾ ಬೆಳಿಗ್ಗೆ ಎಲೆಗಳನ್ನು ಮಗಳ ಕೈಯಿಂದಲೇ ನೋಡಿಸಿ. ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿಯ ಒಂದು ಗುಂಡು ಚುಕ್ಕೆ ಕಂಡರೆ ಅದು ಚಿಟ್ಟೆಯ ಮೊಟ್ಟೆ. ಒಂಬತ್ತನೇ ಮಹಡಿಗೆ ಚಿಟ್ಟೆ ಹತ್ತುತ್ತದಾ ಅಂತ ಕೇಳಬೇಡಿ. ನಾಲ್ಕನೇ ಮಹಡಿಗೆ ಬಂದದ್ದನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿಗೆ ಬಾರದಿದ್ದರೆ ಕುಂಡವನ್ನು ಲಿಫ್ಟಿನಲ್ಲಿ ಕೆಳಗೆ ತಂದು ಪಾರ್ಕಿಂಗಿನ ಬಿಸಿಲು ಮೂಲೆಯಲ್ಲಿ ಒಂದು ವಾರ ಇಡಿ. ವಾಚ್‌ಮನ್‌ಗೆ ಹೇಳಿಡಿ, ಇಲ್ಲದಿದ್ದರೆ ಸೊಪ್ಪೆಲ್ಲ ಯಾರದ್ದೋ ಸಾರಿಗೆ ಹೋಗುತ್ತದೆ.

ಮೂರ್ನಾಲ್ಕು ದಿನದಲ್ಲಿ ಮೊಟ್ಟೆ ಒಡೆದು ಹುಳ ಹೊರಬರುತ್ತದೆ. ನೋಡಲು ಥೇಟ್ ಹಕ್ಕಿಯ ಹಿಕ್ಕೆ. ಕಂದು, ಮಧ್ಯೆ ಒಂದಿಷ್ಟು ಬಿಳಿ. ಅದೇ ಅದರ ಉಪಾಯ. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ? ಇಲ್ಲಿ ಮಗಳು ‘ಶೀ’ ಅಂದರೆ ಅನ್ನಲಿ ಬಿಡಿ. ಹುಳಕ್ಕೂ ಅದೇ ಬೇಕು! ನಾಲ್ಕು ಸಲ ಪೊರೆ ಕಳಚಿದ ಮೇಲೆ ಹುಳ ಹಸಿರಾಗುತ್ತದೆ, ಕಿರುಬೆರಳಿನಷ್ಟು ದಪ್ಪ. ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಚಾಚುತ್ತದೆ, ಜೊತೆಗೆ ಮೂಗಿಗೆ ಹೊಡೆಯುವ ವಾಸನೆ. ಒಂದು ಸಲ ಸಾಕು, ಪದೇ ಪದೇ ಕಾಡಿಸಬಾರದು. ಹುಳ ನಿಮ್ಮ ಗಿಡವನ್ನು ಬೋಳು ಮಾಡುತ್ತದೆ. ಆಗ ಅಂಗಡಿಯ ಕರಿಬೇವು ಹಾಕಬೇಡಿ, ಅದರಲ್ಲಿ ಮದ್ದಿನ ಅಂಶ ಉಳಿದಿದ್ದರೆ ಹುಳ ಸತ್ತೇ ಹೋಗಬಹುದು. ಪಕ್ಕದವರ ಕುಂಡದಿಂದ ನಾಲ್ಕು ಎಲೆ ಕೇಳಿ ತನ್ನಿ. ಹೀಗೆ ಪಕ್ಕದ ಮನೆಯವರ ಪರಿಚಯವೂ ಆಗುತ್ತದೆ.

ಒಂದು ದಿನ ಅದು ತಿನ್ನುವುದು ನಿಲ್ಲಿಸಿ ಅತ್ತಿತ್ತ ಓಡಾಡುತ್ತದೆ. ಆಮೇಲೆ ಒಂದು ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೆ ಒಂದು ರೇಷ್ಮೆ ಎಳೆ ಸುತ್ತಿಕೊಂಡು ಒರಗುತ್ತದೆ. ಮಗುವಿಗೆ ಉಡಿದಾರ ಕಟ್ಟಿದ ಹಾಗೆ. ಕೋಶ ಕಟ್ಟಿದ ಮೇಲೆ ಸುಮಾರು ಹತ್ತು ದಿನ. ಕೋಶ ಕಪ್ಪಾಗಿ ಒಳಗಿನ ರೆಕ್ಕೆ ಮಸುಕಾಗಿ ಕಂಡರೆ ಮರುದಿನ ಬೆಳಿಗ್ಗೆ ಮಗಳನ್ನು ಬೇಗ ಎಬ್ಬಿಸಿ. ಹೊರಬಂದ ಚಿಟ್ಟೆಯ ರೆಕ್ಕೆ ಹಿಂಡಿದ ಕರ್ಚೀಫಿನ ಹಾಗೆ ಮುದುರಿರುತ್ತದೆ. ಒಂದು ಗಂಟೆ ಹಾಗೇ ನೇತಾಡಿ ಒಣಗಬೇಕು.

ಇಲ್ಲಿ ಒಂದು ಎಚ್ಚರಿಕೆ. ನನ್ನ ಐದನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಚಿಟ್ಟೆ ಹೊರಬರಲು ಒದ್ದಾಡುವುದನ್ನು ನೋಡಲಾರದೆ ಪಾಪ, ಉಗುರಿನಿಂದ ಕೋಶ ಸೀಳಿ ಸಹಾಯ ಮಾಡಿದಳು. ಚಿಟ್ಟೆ ಬಂತು, ರೆಕ್ಕೆ ಮಾತ್ರ ಬಿಚ್ಚಲೇ ಇಲ್ಲ. ಅವಳು ಎರಡು ದಿನ ಸಕ್ಕರೆ ನೀರು ಹಿಡಿದುಕೊಂಡು ಅದರ ಹತ್ತಿರವೇ ಕೂತಿದ್ದಳು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಎಂತ ಇತ್ತು?

ನಿಮ್ಮ ಗಿಡದಲ್ಲಿ ಕಪ್ಪು ರೆಕ್ಕೆಯ ಮೇಲೆ ಅಡ್ಡಕ್ಕೆ ಬಿಳಿ ಚುಕ್ಕೆಗಳ ಸಾಲಿರುವ ಚಿಟ್ಟೆ ಹುಟ್ಟಿದರೆ ಅದು ಹೆಚ್ಚಾಗಿ ಗಂಡು. ಆ ಜಾತಿಯ ಹೆಣ್ಣುಗಳಲ್ಲಿ ಕೆಲವು ಕೆಂಪು ಮಚ್ಚೆ ಹಾಕಿಕೊಂಡು ಬೇರೆಯೇ ಚಿಟ್ಟೆಯ ಹಾಗೆ ಕಾಣುತ್ತವೆ. ಅಂಥದ್ದೇ ಕೆಂಪು ಮಚ್ಚೆಯ ಇನ್ನೊಂದು ಜಾತಿಯ ಮೈಯಲ್ಲಿ ವಿಷ ಉಂಟು, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಇದು ಅದರ ವೇಷ ಹಾಕುತ್ತದೆ. ಯಕ್ಷಗಾನ ನೋಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳಿಹುಳ ಮಾತ್ರ ಮುಟ್ಟಬಾರದು, ಅದನ್ನು ಮೊದಲೇ ಹೇಳಿಕೊಡಿ. ಅದು ‘ಶೀ’ ಅಲ್ಲ, ತುರಿಕೆ. ಎರಡಕ್ಕೂ ವ್ಯತ್ಯಾಸ ಗೊತ್ತಾದರೆ ಸಾಕು.

ಪ್ರಶ್ನೆ: ನಾನು ಸರಕಾರಿ ಶಾಲೆಯ ಶಿಕ್ಷಕಿ. ಪ್ರತಿ ಜೂನ್ 5ಕ್ಕೆ ಗಿಡ ನೆಡುತ್ತೇವೆ, ಫೋಟೋ ಕಳಿಸುತ್ತೇವೆ. ಮುಂದಿನ ವರ್ಷ ಗಿಡ ಇರುವುದಿಲ್ಲ. ಮಕ್ಕಳೂ ಅದನ್ನು ಒಂದು ತಮಾಷೆಯ ಹಾಗೆ ನೋಡುತ್ತಾರೆ. ಏನು ಮಾಡಲಿ?
— ಕಾರ್ಕಳ ತಾಲೂಕಿನಿಂದ

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೊಂಡವನ್ನು ಹೊಸದಾಗಿ ತೋಡುವ ಕ್ರಮವೇ ಇರಲಿಲ್ಲ. ಹೋದ ವರ್ಷದ್ದೇ ಹೊಂಡ, ಹೋದ ವರ್ಷದ್ದೇ ಬ್ಯಾನರು, ಇಸವಿಯ ಮೇಲೆ ಮಾತ್ರ ಒಂದು ಚೀಟಿ ಅಂಟಿಸುವುದು. ಒಬ್ಬ ಹುಡುಗ ಕೇಳಿದ, “ಟೀಚರ್, ಈ ಹೊಂಡಕ್ಕೆ ಎಷ್ಟನೇ ಕ್ಲಾಸು?” ಇಡೀ ಅಸೆಂಬ್ಲಿ ನಕ್ಕಿತು. ನಾನು ಅವನಿಗೆ ಬೈದೆ. ಬೈಯಬಾರದಿತ್ತು.

ವನಮಹೋತ್ಸವ 1950ರಲ್ಲಿ ಶುರುವಾದದ್ದು, ಆಗ ಕೇಂದ್ರದಲ್ಲಿ ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಶಿ ಅವರ ಕಾಲದಲ್ಲಿ. ಜುಲೈ ಮೊದಲ ವಾರ ಅಂತ ಇಟ್ಟದ್ದು ಮಳೆ ನೋಡಿಯೇ. ಆದರೆ ನಮ್ಮ ಕರಾವಳಿಯ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜೂನ್‌ನಲ್ಲಿ ಪೊರಕೆಯ ಕಡ್ಡಿ ನೆಟ್ಟರೂ ಚಿಗುರೀತು. ಗಿಡ ಸಾಯುವುದು ಫೆಬ್ರವರಿಯಿಂದ ಮೇ ತನಕ. ಆಗ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಹಂಚಿನ ಹಾಗೆ ಕಾಯುತ್ತದೆ. ಶಾಲೆಗೆ ರಜೆ. ದನಗಳಿಗೆ ರಜೆ ಇಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಈ ವರ್ಷ ಐವತ್ತು ಗಿಡ ಬೇಡ, ಮೂರು ಸಾಕು. ಅವೂ ನರ್ಸರಿಯಿಂದ ಲಾರಿಯಲ್ಲಿ ಬಂದದ್ದು ಬೇಡ. ಮಕ್ಕಳು ತಿಂದು ಉಗುಳಿದ ಬೀಜದಿಂದ ಹುಟ್ಟಿದ್ದಾಗಲಿ. ರಜೆಗೆ ಮುಂಚೆಯೇ ಹೇಳಿಡಿ. ಮೇ ತಿಂಗಳಲ್ಲಿ ಕಾಟು ಮಾವು, ಪುನರ್ಪುಳಿ, ಹಲಸು, ನೇರಳೆ ಎಲ್ಲವೂ ಸಿಗುತ್ತವೆ. ತೊಳೆದ ಹಾಲಿನ ತೊಟ್ಟೆಗೆ ಅಡಿಯಲ್ಲಿ ಎರಡು ತೂತು ಮಾಡಿ, ಮಣ್ಣು ತುಂಬಿ ಬೀಜ ಊರಲಿ. ಹಲಸಿನ ಬೀಜ ಒಣಗಿಸಿ ಇಡುವಂತದ್ದಲ್ಲ, ತಿಂದ ಒಂದೆರಡು ದಿನದಲ್ಲೇ ಊರಬೇಕು. ಒಣಗಿದ್ದು ಸಾರಿಗೆ ಆಗುತ್ತದೆ, ಮೊಳಕೆಗೆ ಆಗುವುದಿಲ್ಲ. ಜೂನ್‌ನಲ್ಲಿ ಪ್ರತಿಯೊಬ್ಬರೂ ತೊಟ್ಟೆ ಹಿಡಿದುಕೊಂಡು ಬರುತ್ತಾರೆ. ಮೊಳಕೆ ಬಾರದವನು ಅಳುತ್ತಾನೆ. ಅಳಲಿ. ನೆಡಲು ಮೂರನ್ನು ಮಾತ್ರ ಆರಿಸಿ, ಉಳಿದದ್ದನ್ನು ಮಕ್ಕಳ ಮನೆಗೇ ಕಳಿಸಿ.

ಅದಕ್ಕಿಂತ ಮುಖ್ಯದ್ದು, ಶಾಲೆಯಲ್ಲಿ ಈಗಾಗಲೇ ಇರುವ ಒಂದು ಹಳೆಯ ಮರವನ್ನು ಹಿಡಿದುಕೊಳ್ಳಿ. ನಮ್ಮ ಶಾಲೆಯಲ್ಲಿ ಒಂದು ರೆಂಜೆ ಮರ ಇತ್ತು. ಬಕುಲ ಅಂತ ಪುಸ್ತಕದಲ್ಲಿ ಬರೆಯುವುದು ಅದನ್ನೇ. ಆರನೇ ಕ್ಲಾಸಿನವರು ಪ್ರತಿ ಸೋಮವಾರ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕಿತ್ತು: ಚಿಗುರು ಉಂಟಾ, ಹೂ ಉಂಟಾ, ಹಣ್ಣು ಉಂಟಾ, ಯಾರೆಲ್ಲ ಬಂದಿದ್ದರು. ‘ಯಾರೆಲ್ಲ’ ಅನ್ನುವ ಕಡೆ ಮಡಿವಾಳ ಹಕ್ಕಿ, ಚಗಳಿ ಇರುವೆ, ಅಡುಗೆಯವರು, ಇನ್‌ಸ್ಪೆಕ್ಟರು ಎಲ್ಲರ ಹೆಸರೂ ಇರುತ್ತಿತ್ತು. ಒಂದು ವಾರದ ಟಿಪ್ಪಣಿ ನನಗೆ ಬಾಯಿಪಾಠ ಬರುತ್ತದೆ: ‘ಇವತ್ತು ಏನೂ ಇಲ್ಲ. ಒಂದು ಎಲೆ ಬಿತ್ತು. ನಾನು ನೋಡಿದೆ.’ ಮುಂದೆ ಕಾಂಪೌಂಡು ಕಟ್ಟುವಾಗ ಆ ಮರ ಅಡ್ಡ ಬಂತು. ತಡೆದದ್ದು ಮಕ್ಕಳೇ. ಏಳು ವರ್ಷದ ನೋಟ್‌ಬುಕ್ಕುಗಳನ್ನು ತಂದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟರು. ಕಾಂಪೌಂಡು ಅಲ್ಲಿ ಸ್ವಲ್ಪ ಸೊಟ್ಟ ತಿರುಗಿಕೊಂಡು ಹೋಗಿದೆ. ಈಗಲೂ ನೋಡಬಹುದು.

ಪ್ರಶ್ನೆ: ಬಚ್ಚಲಿನ ಹತ್ತಿರ ಬಂದ ಕೇರೆ ಹಾವನ್ನು ಕೊಂದೆ. ಹತ್ತು ವರ್ಷದ ಮಗ ಕೇಳಿದ, “ಪಂಚಮಿಗೆ ನಾಗನಿಗೆ ತನು ಅಂತ ಹಾಲು ಹಾಕ್ತೀರಿ, ಇದನ್ನು ಯಾಕೆ ಕೊಂದಿರಿ ಅಪ್ಪ?” ಉತ್ತರ ಕೊಡಲಾಗಲಿಲ್ಲ. ಏನು ಹೇಳಬೇಕಿತ್ತು?
— ಒಬ್ಬ ತಂದೆ, ಕಾಪು

ಉತ್ತರ: ‘ಹೆದರಿ ಕೊಂದೆ, ತಪ್ಪಾಯಿತು’ ಅಂತ ಹೇಳಿ. ಮಕ್ಕಳಿಗೆ ಅದು ತಕ್ಷಣ ಅರ್ಥವಾಗುತ್ತದೆ. ಸುಮ್ನೆ ಏನೋ ಕಾರಣ ಕಟ್ಟಿ ಹೇಳಲು ಹೋದರೆ ಅದೂ ಗೊತ್ತಾಗುತ್ತದೆ ಅವರಿಗೆ.

ನಮ್ಮ ಊರಿನ ಕತೆ ವಿಚಿತ್ರ ಅಲ್ವಾ? ನಾಗರಹಾವು ಸತ್ತು ಬಿದ್ದದ್ದು ಕಂಡರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುವವರು ನಾವು. ವಿಷವೇ ಇಲ್ಲದ ಕೇರೆ ಕಂಡರೆ ದೊಣ್ಣೆ ಹುಡುಕುವವರೂ ನಾವೇ. ಕೇರೆ ತಿನ್ನುವುದು ಇಲಿಯನ್ನು. ನಿಮ್ಮ ಬಚ್ಚಲಿಗೆ ಅದು ಬಂದಿತ್ತು ಅಂದರೆ ಇಲಿ ಮೊದಲೇ ಬಂದಿತ್ತು ಅಂತ ಲೆಕ್ಕ.

ಈ ಪಂಚಮಿಗೆ ಮಗನನ್ನು ನಾಗಬನಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಕುಟುಂಬದ ಬನ ಇನ್ನೂ ಬನವಾಗಿಯೇ ಇದ್ದರೆ ನೀವು ಪುಣ್ಯವಂತರು. ನನ್ನ ತವರಿನ ಬನಕ್ಕೆ ಚಿಕ್ಕವಳಿದ್ದಾಗ ಹಗಲಲ್ಲಿ ಹೋಗಲೂ ಹೆದರಿಕೆ. ಬಳ್ಳಿ ತೂಗುತ್ತಿತ್ತು, ರಾಮಪತ್ರೆ ಮರದ ಕೆಳಗೆ ಮಧ್ಯಾಹ್ನವೂ ಕತ್ತಲೆ. ಬಿದ್ದ ಕಡ್ಡಿಯನ್ನೂ ಒಲೆಗೆ ತರುವಂತಿರಲಿಲ್ಲ. ಕಾಯಲು ಗಾರ್ಡ್ ಇರಲಿಲ್ಲ, ಬೇಲಿಯೂ ಇರಲಿಲ್ಲ. ನಾಗ ಇದ್ದಾನೆ ಅನ್ನುವ ಒಂದು ಮಾತಷ್ಟೇ. ಹದಿನೈದು ವರ್ಷದ ಹಿಂದೆ ಜೀರ್ಣೋದ್ಧಾರ ಆಯಿತು. ಈಗ ಟೈಲ್ಸು ಉಂಟು, ಸ್ಟೀಲಿನ ಕಂಬಿ ಉಂಟು, ಕಾರು ನೇರ ಒಳಗೆ ಹೋಗುತ್ತದೆ. ಕಲ್ಲಿನ ನಾಗ ಇದ್ದಾನೆ. ಅವನು ಇರುತ್ತಿದ್ದ ಮನೆ ಇಲ್ಲ. ನನ್ನ ಅಣ್ಣನ ಹತ್ತಿರ ಈ ಮಾತು ಹೇಳಿ ಒಂದು ವರ್ಷ ಮಾತು ಬಿಟ್ಟುಕೊಂಡಿದ್ದೇವೆ. ಹಾಗಾಗಿ ಇದರ ಬಗ್ಗೆ ಇಲ್ಲಿಗೆ ನಿಲ್ಲಿಸುತ್ತೇನೆ.

ಆದರೆ ಮಗನಿಗೆ ಇದೂ ಗೊತ್ತಿರಲಿ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವು ಮನುಷ್ಯರನ್ನು ಕೊಲ್ಲಬಲ್ಲ ಹಾವುಗಳು. ಮಕ್ಕಳು ಯಾವ ಹಾವನ್ನೂ ಹಿಡಿಯುವ ಸಾಹಸ ಮಾಡಬಾರದು, ಕೇರೆಯೇ ಆದರೂ. ದೂರ ನಿಂತು ನೋಡುವುದು, ದೊಡ್ಡವರನ್ನು ಕರೆಯುವುದು, ಹಾವು ಹಿಡಿಯಲು ಬಲ್ಲವರಿಗೆ ಫೋನ್ ಮಾಡುವುದು. ಕಚ್ಚಿದರೆ ನೇರ ಆಸ್ಪತ್ರೆಗೆ.

ಪ್ರಶ್ನೆ: ಹೋದ ಚಳಿಗಾಲದಲ್ಲಿ ನಮ್ಮ ಊರಿನ ಕಡಲ ಬದಿಯಲ್ಲಿ ಆಮೆ ಮರಿಗಳು ಹೊರಬಂದವು. ನಮ್ಮ ಮಕ್ಕಳು ಅವನ್ನು ಬಕೆಟಿನಲ್ಲಿ ಹಾಕಿ ನೀರಿಗೆ ಬಿಟ್ಟರು. ಒಬ್ಬರು ಬಂದು ಜೋರು ಬೈದರು. ಒಳ್ಳೆಯ ಕೆಲಸ ಮಾಡಿದ ಮಕ್ಕಳಿಗೆ ಬೈದರೆ ಅವರು ಮುಂದೆ ಇಂಥದಕ್ಕೆ ಬರುತ್ತಾರಾ?
— ಮರವಂತೆ ಕಡೆಯ ಓದುಗರು

ಉತ್ತರ: ಬೈದದ್ದು ತಪ್ಪು. ಆದರೆ ಬಕೆಟೂ ತಪ್ಪೇ. ನಾನೂ ಒಮ್ಮೆ ಅದನ್ನೇ ಮಾಡಿದ್ದೇನೆ. ವಿಜ್ಞಾನದ ಟೀಚರಾಗಿ, ಹದಿನೆಂಟು ಮಕ್ಕಳ ಎದುರು, ಬಹಳ ಹೆಮ್ಮೆಯಿಂದ.

ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಕಡಲಾಮೆ. ರಾತ್ರಿ ಬಂದು, ಮರಳು ತೋಡಿ, ಸುಮಾರು 100 ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತದೆ. 45ರಿಂದ 60 ದಿನದಲ್ಲಿ ಮರಿ. ಮರಳು ಜಾಸ್ತಿ ಬಿಸಿಯಾಗಿದ್ದರೆ ಹೆಣ್ಣು ಮರಿ ಜಾಸ್ತಿ, ತಂಪಾಗಿದ್ದರೆ ಗಂಡು. ಹೊರಬಂದ ಮರಿ ಕಡಲಿನ ಕಡೆಗೆ ತಾನೇ ನಡೆಯಬೇಕು. ದೊಡ್ಡದಾದ ಮೇಲೆ ಹೆಣ್ಣಾಮೆ ತಾನು ಹುಟ್ಟಿದ ಕಡೆಗೇ ಮೊಟ್ಟೆ ಇಡಲು ವಾಪಸ್ ಬರುತ್ತದೆ. ಆ ದಾರಿಯ ಗುರುತು ಮನಸ್ಸಿಗೆ ಇಳಿಯುವುದು ಶುರುವಿನಲ್ಲೇ ಅಂತ ಬಲ್ಲವರು ಹೇಳುತ್ತಾರೆ. ನಾವು ಬಕೆಟಿನಲ್ಲಿ ಹೊತ್ತು ಹಾಕಿದರೆ ಆ ನಡಿಗೆ ತಪ್ಪುತ್ತದೆ. ಕಡಲಾಮೆಯನ್ನಾಗಲಿ ಮೊಟ್ಟೆಯನ್ನಾಗಲಿ ಮುಟ್ಟುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರವೂ ಸರಿಯಲ್ಲ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಹಾಗಾದರೆ ಮಕ್ಕಳಿಗೆ ಕೆಲಸ ಇಲ್ಲವಾ? ಬೇಕಾದಷ್ಟು ಉಂಟು. ರಾತ್ರಿ ಹೊರಬರುವ ಮರಿಗಳು ಬೆಳಕಿರುವ ಕಡೆಗೆ ಹೋಗುತ್ತವೆ. ಮೊದಲೆಲ್ಲ ಕತ್ತಲೆಯ ಊರಿನ ಎದುರು ಕಡಲೇ ಹೆಚ್ಚು ಬೆಳಗುತ್ತಿತ್ತು. ಈಗ ಹೋಟೆಲಿನ, ರಸ್ತೆಯ ಲೈಟಿಗೆ ಮೋಸ ಹೋಗಿ ಮರಿಗಳು ಊರ ಕಡೆಗೆ ತಿರುಗುತ್ತವೆ. ಗೂಡಿನ ಹತ್ತಿರದ ಮನೆಗಳಿಗೆ ಹೋಗಿ ‘ಇವತ್ತು ಹೊರಗಿನ ಲೈಟು ಆರಿಸ್ತೀರಾ?’ ಅಂತ ಮಕ್ಕಳು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾವು ಕೇಳಿದರೆ ಅನ್ನುತ್ತಾರೆ. ಇನ್ನೊಂದು, ಆಡುವಾಗ ಮರಳಲ್ಲಿ ತೋಡಿದ ಹೊಂಡಗಳನ್ನು ಮನೆಗೆ ಹೋಗುವ ಮುಂಚೆ ಮುಚ್ಚುವುದು. ಅಂಗೈಗಿಂತ ಚಿಕ್ಕ ಮರಿಗೆ ನಿಮ್ಮ ಹುಡುಗ ಕಟ್ಟಿದ ‘ಸ್ವಿಮ್ಮಿಂಗ್ ಪೂಲ್’ ದೊಡ್ಡ ಬಾವಿ.

ನಮ್ಮ ಮೊಗವೀರರು ಬಲೆಗೆ ಬಿದ್ದ ಆಮೆಗೆ ಕೈಮುಗಿದು ನೀರಿಗೆ ಬಿಡುವುದನ್ನು ನಾನು ಮಲ್ಪೆಯಲ್ಲಿ ನೋಡಿದ್ದೇನೆ. ನಿಮ್ಮ ಊರಿನಲ್ಲಿ ಅಂಥ ಹಿರಿಯರು ಇರುತ್ತಾರೆ. ಮಕ್ಕಳನ್ನು ಅವರ ಹತ್ತಿರ ಕೂರಿಸಿ. ಬೈದ ಮನುಷ್ಯನ ಹತ್ತಿರ ಬೇಡ.

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಪ್ರಕೃತಿ ನೋಡಲು ಎಲ್ಲಿಗೆ ಕರೆದುಕೊಂಡು ಹೋಗಬಹುದು? ಒಂದೆರಡು ಜಾಗ ಹೇಳಿ.
— ಸುರತ್ಕಲ್

ಉತ್ತರ: ಪಿಲಿಕುಳ ನಿಸರ್ಗಧಾಮಕ್ಕೆ ಎಲ್ಲರೂ ಹುಲಿ ನೋಡಲು ಹೋಗುತ್ತಾರೆ. ಅಲ್ಲಿಯ ಪಶ್ಚಿಮ ಘಟ್ಟದ ಮರಗಳ ತೋಟವನ್ನೂ ನೋಡಿ, ಅಲ್ಲಿ ರಶ್ಶೇ ಇರುವುದಿಲ್ಲ. ಮೂಡುಬಿದಿರೆ ಹತ್ತಿರ ಬೆಳುವಾಯಿಯಲ್ಲಿ ಚಿಟ್ಟೆ ಪಾರ್ಕ್ ಉಂಟು. ಮಳೆ ಮುಗಿದು ದೋಣಿ ಶುರುವಾದ ಮೇಲೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪ. ಅಲ್ಲಿಯ ಕಂಬಕಂಬದ ಕಲ್ಲು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ ಲಾವಾ ತಣಿದು ಆದದ್ದು. ಸೆಲ್ಫಿ ಆದ ಮೇಲೆ ಒಂದು ಕಂಬಕ್ಕೆ ಎಷ್ಟು ಮೂಲೆ ಅಂತ ಮಕ್ಕಳಿಗೆ ಎಣಿಸಲು ಹೇಳಿ. ಐದಾ, ಆರಾ, ಜಗಳ ಶುರುವಾಗುತ್ತದೆ.

ಆದರೆ ನನ್ನನ್ನು ಕೇಳಿದರೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ನಿಮ್ಮ ಮನೆ ಹತ್ತಿರದ ಯಾವುದಾದರೂ ಪದವಿಗೆ, ಅಂದರೆ ಮುರಕಲ್ಲಿನ ಬಯಲಿಗೆ ಹೋಗಿ. ಬೇಸಿಗೆಯಲ್ಲಿ ಬರೀ ಕಪ್ಪು ಪಾದೆ. ಸರಕಾರದ ಕಾಗದದಲ್ಲಿ ಅದಕ್ಕೆ ಪಾಳು ಜಾಗ ಅಂತ ಹೆಸರು. ಮಳೆಗಾಲದಲ್ಲಿ ಹೋಗಿ ನೋಡಿದರೆ ನೀರು ಜಿನುಗುವ ಕಡೆಯೆಲ್ಲ ಗೇಣುದ್ದವೂ ಇಲ್ಲದ ಹೂಗಳು. ಮೊಣಕಾಲೂರಿ ಬಗ್ಗಿದರೆ ಕೆಂಪು ಕೂದಲಿನ ಒಂದು ಪುಟ್ಟ ಗಿಡ ಸಿಗಬಹುದು. ಪ್ರತಿ ಕೂದಲ ತುದಿಯಲ್ಲೂ ಇಬ್ಬನಿಯ ಹಾಗೆ ಒಂದು ಹನಿ. ಇಬ್ಬನಿ ಅಲ್ಲ, ಅಂಟು. ಕೂತ ಸೊಳ್ಳೆ ಏಳುವುದಿಲ್ಲ. ಎಲೆ ಮೆಲ್ಲಗೆ ಅದರ ಮೇಲೆ ಮಡಿಚುತ್ತದೆ. ಮುರಕಲ್ಲಿನ ಮೇಲೆ ಸಾರವಾದ ಮಣ್ಣೇ ಇಲ್ಲ, ಗಿಡ ಪಾಪ ಎಂತ ಮಾಡುವುದು? ಹುಳದಿಂದಲೇ ಸಾರ ತೆಗೆದುಕೊಳ್ಳುತ್ತದೆ. ಡ್ರೊಸೆರಾ ಅಂತ ಹೆಸರು. ಕಿತ್ತು ಮನೆಗೆ ತರಬೇಡಿ, ಬದುಕುವುದಿಲ್ಲ. ಪದವು ನೋಡಲು ಟಿಕೆಟೂ ಇಲ್ಲ.

ಪ್ರಶ್ನೆ: ಮದುವೆ ಊಟದಲ್ಲಿ ಪ್ಲಾಸ್ಟಿಕ್ ಬಾಟಲಿ ಇಟ್ಟದ್ದಕ್ಕೆ ನನ್ನ ಮಗಳು ಮದುಮಗನ ಸೋದರಮಾವನಿಗೇ ಬುದ್ಧಿ ಹೇಳಿದಳು. ಶಾಲೆಯಲ್ಲಿ ಕಲಿಸಿದ್ದಂತೆ. ಮರ್ಯಾದೆ ಹೋಯಿತು.
— ಮಂಗಳೂರು

ಉತ್ತರ: ಹೋದದ್ದು ಸೋದರಮಾವನ ಮರ್ಯಾದೆ, ನಿಮ್ಮದಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರ ಎಂಬಲ್ಲಿಯ ಮನೆ, ಅಡಿಕೆ ತೋಟ ಎಲ್ಲ ಅಡಿಯಾಯಿತಲ್ಲ, ಅದರಲ್ಲಿ ಎಷ್ಟು ಮದುವೆಯ ಬಾಟಲಿಗಳಿದ್ದವೋ. ದೊಡ್ಡವರ ಹತ್ತಿರ ಮೆಲ್ಲಗೆ ಮಾತಾಡುವುದನ್ನು ಕಲಿಸಿ. ಮಾತಾಡುವುದನ್ನೇ ಬಿಡಿಸಬೇಡಿ. ಮುಂದಿನ ಮದುವೆಗೆ ನೀವೇ ಮನೆಯಿಂದ ಒಂದು ಸ್ಟೀಲ್ ಲೋಟ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ.

ಪ್ರಶ್ನೆ: ಊರ ಮಕ್ಕಳಿಗೆಲ್ಲ ಇಷ್ಟು ಹೇಳುತ್ತೀರಲ್ಲ, ನಿಮ್ಮ ಮನೆಯ ಮಕ್ಕಳು, ಮೊಮ್ಮಕ್ಕಳು ಹೇಗೆ? ಕೋಪ ಮಾಡ್ಕೋಬೇಡಿ.
— ಹೆಸರು ಬೇಡ, ಉಡುಪಿ

ಉತ್ತರ: ಕೋಪ ಎಂತದ್ದು? ಸರಿಯಾದ ಪ್ರಶ್ನೆ. ಮಗ ಬೆಂಗಳೂರಿನಲ್ಲಿ. ಪಾರಿವಾಳ ಬಾರದ ಹಾಗೆ ಇಡೀ ಬಾಲ್ಕನಿಗೆ ನೆಟ್ ಹಾಕಿಸಿದ್ದಾನೆ. ಮೊಮ್ಮಗನಿಗೆ ಹತ್ತು ವರ್ಷ, ಕೈಯಿಂದ ಮೊಬೈಲ್ ಇಳಿಯುವುದಿಲ್ಲ. ಈ ಮೇ ತಿಂಗಳಲ್ಲಿ ಬಂದಾಗ ನಾನು ದೊಡ್ಡ ಯೋಜನೆ ಹಾಕಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ಹೊಳೆ ಬದಿ, ದಿನಕ್ಕೆ ಐದು ಮರದ ಹೆಸರು. ಮೂರನೇ ದಿನ ಅವನು ಕೇಳಿದ, “ಅಜ್ಜಿ, ಇದು ಸಮ್ಮರ್ ಕ್ಯಾಂಪಾ?” ಅಲ್ಲಿಗೆ ನನ್ನ ಯೋಜನೆ ಮುಗಿಯಿತು.

ಮೇ ಕೊನೆಗೆ ಒಂದು ರಾತ್ರಿ ಮಳೆ ಹಿಡಿಯಿತು, ಕರೆಂಟೂ ಹೋಯಿತು. ಮೊಬೈಲಿನ ಚಾರ್ಜೂ ಮುಗಿಯುತ್ತಾ ಬಂದಿತ್ತು. ಗದ್ದೆಯಿಂದ ಗೋಂಕುರು ಕಪ್ಪೆಗಳ ಗಲಾಟೆ, ಚೆಂಡೆಗೆ ಇನ್ನೊಂದು ಚೆಂಡೆ ಉತ್ತರ ಕೊಟ್ಟ ಹಾಗೆ. ಅವನೇ ಎದ್ದು ಬಂದು “ಅದೆಂತ ಸೌಂಡು?” ಅಂದ. ನಾನು ಪಾಠ ಮಾಡಲಿಲ್ಲ, ಬುದ್ಧಿ ಬಂದಿತ್ತು. ಟಾರ್ಚು, ಕೊಡೆ ತೆಗೆದುಕೊಂಡು ಇಬ್ಬರೂ ಅಂಚಿನ ತನಕ ಹೋದೆವು. ನೀರಿನಲ್ಲಿ ನಾಲ್ಕೈದು ಗಂಡು ಕಪ್ಪೆಗಳು. ವರ್ಷವಿಡೀ ಮಣ್ಣಿನ ಬಣ್ಣದಲ್ಲಿ ಇರುವಂತದ್ದು, ಆ ರಾತ್ರಿ ಅರಿಶಿನ ಬಳಿದ ಹಾಗೆ ಹಳದಿ. ಗಂಟಲಿನ ಎರಡೂ ಬದಿಗೆ ನೀಲಿ ಬಲೂನು ಉಬ್ಬಿಸಿ ಕೂಗುತ್ತಿದ್ದವು. ಮೊಮ್ಮಗ ತುಂಬಾ ಹೊತ್ತು ನೋಡಿ, “ಅಜ್ಜಿ, ಇದು ಎಡಿಟ್ ಮಾಡಿದ ಹಾಗೆ ಉಂಟು” ಅಂದ. ಉಳಿದಿದ್ದ ಚಾರ್ಜಿನಲ್ಲಿ ಒಂದು ವಿಡಿಯೋ ತೆಗೆದ. ಮರುದಿನ ಕರೆಂಟು ಬಂತು, ಮತ್ತೆ ಅದೇ ಮೊಬೈಲು. ಇದಕ್ಕಿಂತ ಜಾಸ್ತಿ ಹೇಳಿಕೊಳ್ಳುವಂತದ್ದು ನನ್ನ ಹತ್ತಿರ ಇಲ್ಲ.

ಪ್ರಶ್ನೆ: ಟೀಚರ್, ನಾನು ಆರನೇ ಕ್ಲಾಸ್. ರಜೆಯಲ್ಲಿ ಕೋಡಿ ಬೆಂಗ್ರೆಗೆ ಹೋಗಿದ್ದಾಗ ಮರಳಿನ ಮೇಲೆ ಸಣ್ಣ ಸಣ್ಣ ಉಂಡೆಗಳು ಇದ್ದವು. ತುಂಬಾ ಇದ್ದವು, ಹೂವಿನ ಡಿಸೈನ್ ತರ. ಅದನ್ನು ಯಾರು ಮಾಡುವುದು? ಅಪ್ಪ ಗಾಳಿಗೆ ಆದದ್ದು ಅಂತ ಹೇಳಿದರು.
— ಒಬ್ಬ ಹುಡುಗ, ಹಂಗಾರಕಟ್ಟೆ

ಉತ್ತರ: ಅಪ್ಪನಿಗೆ ನಾನು ಹೇಳಿದೆ ಅಂತ ಹೇಳಬೇಡ. ಗಾಳಿ ಅಲ್ಲ ಮಗಾ, ಏಡಿ. ನಿನ್ನ ಕಿರುಬೆರಳಿನ ಉಗುರಿನಷ್ಟೇ ದೊಡ್ಡ ಏಡಿ. ಮರಳಿನದ್ದೇ ಬಣ್ಣ, ಅದಕ್ಕೇ ನಿನಗೆ ಕಾಣಲಿಲ್ಲ.

ಅದು ಮಾಡುವುದು ಆಟ ಅಲ್ಲ, ಊಟ. ನೀರು ಇಳಿದ ಮೇಲೆ ತೂತಿನಿಂದ ಹೊರಬಂದು, ಎರಡು ಕೈಯಲ್ಲೂ ಮರಳು ಬಾಚಿ ಬಾಯಿಗೆ ಹಾಕುತ್ತದೆ. ಮರಳಿಗೆ ಅಂಟಿಕೊಂಡಿರುವ ಕಣ್ಣಿಗೆ ಕಾಣದ ಪಾಚಿ, ಕೊಳೆತ ಚೂರು ಅಷ್ಟನ್ನೇ ಸೋಸಿ ತಿನ್ನುತ್ತದೆ. ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಹಾಕುತ್ತದೆ. ಒಂದು ಸಲ ಸೋಸಿದ ಮರಳು ಗೊತ್ತಿರಲಿ ಅಂತ ಗುರುತು ಇಟ್ಟ ಹಾಗೆ. ತೂತಿನಿಂದ ನೇರ ಒಂದು ದಾರಿ ಹೋಗಿ ವಾಪಸ್, ಮತ್ತೆ ಪಕ್ಕದಲ್ಲಿ ಇನ್ನೊಂದು ದಾರಿ. ಅದಕ್ಕೇ ನಿನಗೆ ಹೂವಿನ ಎಸಳಿನ ಹಾಗೆ ಕಂಡದ್ದು.

ಈಗ ಕಡಲು ಜೋರು ಉಂಟು, ಹೋಗಬೇಡ. ದೀಪಾವಳಿ ಕಳೆದ ಮೇಲೆ, ನೀರು ಇಳಿಯುವ ಹೊತ್ತು ಕೇಳಿಕೊಂಡು ಅಪ್ಪನ ಜೊತೆ ಹೋಗು. ಸೀತಾ, ಸುವರ್ಣಾ ಎರಡೂ ಹೊಳೆಗಳು ಕಡಲಿಗೆ ಸೇರುವ ಆ ತುದಿಯಲ್ಲಿ ಹೊಳೆ ಬದಿಯ ಮರಳು ಒಳ್ಳೆಯದು. ನೀನು ನಡೆದರೆ ಎಲ್ಲವೂ ಒಳಗೆ ಓಡುತ್ತವೆ. ಕೂತು, ಅಲ್ಲಾಡದೆ, ಹತ್ತು ನಿಮಿಷ ಕಾಯಬೇಕು. ಮೂಗು ತುರಿಸುತ್ತದೆ, ತುರಿಸಿಕೊಳ್ಳಬಾರದು. ಮೊದಲು ಎರಡು ಕಣ್ಣು ಮಾತ್ರ ಮೇಲೆ ಬರುತ್ತವೆ, ಕಡ್ಡಿಯ ತುದಿಗೆ ಸಿಕ್ಕಿಸಿದ ಹಾಗೆ.

ಒಂದೇ ತೂತಿನ ಸುತ್ತ ಎಷ್ಟು ಉಂಡೆ ಅಂತ ಎಣಿಸಿ ನನಗೆ ಬರೆ. ಹೋದ ಜನವರಿಯಲ್ಲಿ ನಾನು ಎಣಿಸಲು ಕೂತಿದ್ದೆ. 140ರ ತನಕ ಎಣಿಸಿದೆ, ಅಷ್ಟರಲ್ಲಿ ನೀರು ಬಂತು.